ಬೆನ್ನುಹುರಿಯ ರಕ್ತನಾಳ ದೋಷ: ಆಂಜಿಯೋಗ್ರಾಂ ಬೇಕೇ?

ಪ್ರಶ್ನೆ: ನಮ್ಮ ತಂದೆಯವರಿಗೆ 62 ವರ್ಷ. ಅಡಿಕೆ ತೋಟದ ಕೆಲಸ ಮಾಡಿಕೊಂಡು ಗಟ್ಟಿಮುಟ್ಟಾಗಿದ್ದವರು. ಸುಮಾರು ಒಂದು ವರ್ಷದಿಂದ ತೋಟದ ಏರು ಹತ್ತುವಷ್ಟರಲ್ಲಿ ಎರಡೂ ಕಾಲುಗಳು ಸೋತುಹೋಗುತ್ತವೆ; ಸ್ವಲ್ಪ ಹೊತ್ತು ಕುಳಿತರೆ ಸುಧಾರಿಸುತ್ತದೆ. ಪಾದಗಳು ಜೋಮು ಹಿಡಿದಂತಿದ್ದು, ಚಪ್ಪಲಿ ಕಳಚಿದರೂ ತಿಳಿಯುವುದಿಲ್ಲವೆನ್ನುತ್ತಾರೆ. ಸೊಂಟದ ಎಂ.ಆರ್.ಐ. ನೋಡಿ ಡಿಸ್ಕ್ ಸವೆದಿದೆ ಎಂದರು. ಮೂತ್ರ ತಡೆದು ಬರುವುದಕ್ಕೆ ಪ್ರಾಸ್ಟೇಟ್ ಮಾತ್ರೆ ಕೊಟ್ಟರು. ಈಗ ನರರೋಗ ತಜ್ಞರೊಬ್ಬರು ಎದೆಮಟ್ಟದ ಬೆನ್ನಿನ ಎಂ.ಆರ್.ಐ. ಮಾಡಿಸಿ, ಡ್ಯೂರಲ್ ಫಿಸ್ಟುಲಾ ಇರಬಹುದು, ಆಂಜಿಯೋಗ್ರಾಂ ಆಗಬೇಕು ಎನ್ನುತ್ತಿದ್ದಾರೆ. ಸೋತಿರುವುದು ಕಾಲು, ಹುಡುಕುವುದು ಎದೆಮಟ್ಟದಲ್ಲೇಕೆ? ಇದು ಕ್ಯಾನ್ಸರೇ? ಮೊದಲಿನಂತೆ ನಡೆಯುತ್ತಾರೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ಇದು ಕ್ಯಾನ್ಸರ್ ಅಲ್ಲ. ಬೆನ್ನುಹುರಿಯನ್ನು ಸುತ್ತಿರುವ ಡ್ಯೂರಾ ಎಂಬ ಗಟ್ಟಿ ಪೊರೆಯಲ್ಲಿ, ನರವೊಂದು ಹೊರಬೀಳುವ ಜಾಗದಲ್ಲಿ, ಒಂದು ಸಣ್ಣ ಅಪಧಮನಿಯು ನೇರವಾಗಿ ಅಭಿಧಮನಿಯೊಂದಿಗೆ ಕೂಡಿಕೊಂಡಿರುವ ಸ್ಥಿತಿಗೆ ಡ್ಯೂರಲ್ ಫಿಸ್ಟುಲಾ ಎನ್ನುತ್ತಾರೆ. ಬೆನ್ನುಹುರಿಯ ರಕ್ತನಾಳ ದೋಷಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಐವತ್ತು ದಾಟಿದ ಗಂಡಸರಲ್ಲಿ ಅಧಿಕ. ಆದರೂ ಒಟ್ಟಾರೆ ಇದು ಅಪರೂಪದ ಕಾಯಿಲೆಯಾದ್ದರಿಂದ, ಗುರುತು ಸಿಗುವುದಕ್ಕೆ ಒಂದೆರಡು ವರ್ಷ ಕಳೆಯುವುದು ಸಾಮಾನ್ಯ.

ಬೆನ್ನುಹುರಿಯ ಅಭಿಧಮನಿಗಳು ಕಡಿಮೆ ಒತ್ತಡದಲ್ಲಿ ರಕ್ತವನ್ನು ಹೊರಗೊಯ್ಯುವಂಥವು. ಅಪಧಮನಿಯ ರಕ್ತವೇ ಅವುಗಳೊಳಗೆ ನುಗ್ಗಿದಾಗ, ತೋಟದ ಬಸಿಗಾಲುವೆಗೆ ಪಂಪಿನ ನೀರು ಬಿಟ್ಟಂತಾಗಿ, ಹುರಿಯಿಂದ ರಕ್ತ ಇಳಿದುಹೋಗಲು ದಾರಿಯಿಲ್ಲದೆ ಹುರಿಯೇ ಊದಿಕೊಳ್ಳುತ್ತದೆ. ಶ್ರಮ ಹೆಚ್ಚಾದಾಗ ಈ ಒತ್ತಡವೂ ಏರುವುದರಿಂದ ಏರು ಹತ್ತುವಾಗ ಕಾಲು ಸೋಲುತ್ತದೆ. ಫಿಸ್ಟುಲಾ ಬಹುಪಾಲು ಎದೆಮಟ್ಟದ ಕೆಳಭಾಗದಲ್ಲೋ ಸೊಂಟದ ಮೇಲ್ಭಾಗದಲ್ಲೋ ಇರುತ್ತದೆ. ಅದು ಎಲ್ಲೇ ಇದ್ದರೂ ಊತ ಮೊದಲು ಕಾಣುವುದು ಸಾಮಾನ್ಯವಾಗಿ ಹುರಿಯ ಕೆಳತುದಿಯಲ್ಲಿ; ಕಾಲುಗಳಿಗೂ ಮೂತ್ರಕೋಶಕ್ಕೂ ನರಗಳು ಹೊರಡುವುದು ಅಲ್ಲಿಂದಲೇ. ಹೀಗಾಗಿ ಮೂತ್ರದ ತೊಂದರೆಯನ್ನೂ ಕಾಲಿನ ತೊಂದರೆಯನ್ನೂ ಬೇರೆ ಬೇರೆಯಾಗಿ ನೋಡಿದ್ದೇ ವಿಳಂಬಕ್ಕೆ ಕಾರಣವಾಗಿರಬಹುದು. ಅರವತ್ತರ ವಯಸ್ಸಿನಲ್ಲಿ ಡಿಸ್ಕ್ ಸವೆದಿರದ ಸೊಂಟ ಸಿಗುವುದೇ ಕಷ್ಟ. ಸವೆತ ಕಂಡಿತೆಂದ ಮಾತ್ರಕ್ಕೆ ಅದೇ ಕಾರಣವೆನ್ನಲಾಗದು. ಬೆನ್ನುಹುರಿಯು ಸೊಂಟದ ಮೊದಲ ಒಂದೆರಡು ಮಣಿಗಳ ಬಳಿಯೇ ಮುಗಿಯುವುದರಿಂದ, ಸೊಂಟದ ಎಂ.ಆರ್.ಐ.ಯಲ್ಲಿ ಅದರ ತುದಿ ಮಾತ್ರ ಚಿತ್ರದ ಮೇಲಂಚಿನಲ್ಲಿ ಕಾಣುತ್ತದೆ. ಹಳೆಯ ಫಿಲ್ಮ್ ಇದ್ದರೆ ತಜ್ಞರಿಗೆ ತೋರಿಸಿ. ಆ ತುದಿ ಬೆಳ್ಳಗೆ ಕಾಣುತ್ತಿದ್ದರೆ ಊತ ಆಗಲೇ ಇತ್ತೆಂದು ತಿಳಿಯಬಹುದು. ಎದೆಮಟ್ಟದ ಎಂ.ಆರ್.ಐ.ಯಲ್ಲಿ ಈ ಬಿಳುಪು ಹಲವು ಮಣಿಗಳುದ್ದಕ್ಕೂ ಹಬ್ಬಿರುವುದನ್ನೂ, ಹುರಿಯ ಬೆನ್ನ ಮೇಲೆ ಹುಳುಗಳಂತೆ ಸುರುಳಿಸುತ್ತಿದ ಕಪ್ಪು ನಾಳಗಳನ್ನೂ ನೋಡಿಯೇ ಅವರಿಗೆ ಅನುಮಾನ ಬಂದಿರಬೇಕು.

ಆದರೆ ಕೂಡಿಕೆಯ ನಿಖರವಾದ ಜಾಗವನ್ನು ಎಂ.ಆರ್.ಐ. ಹೇಳಲಾರದು. ಅದಕ್ಕೇ ಆಂಜಿಯೋಗ್ರಾಂ. ತೊಡೆಸಂದಿನ ಅಪಧಮನಿಯಿಂದ ಕ್ಯಾತಿಟರ್ ಎಂಬ ತೆಳುವಾದ ಕೊಳವೆ ತೂರಿಸಿ, ಪಕ್ಕೆಲುಬುಗಳ ಕೆಳಗೂ ಸೊಂಟದಲ್ಲೂ ಎಡಬಲಗಳಿಗೆ ಹೊರಡುವ ಒಂದೊಂದೇ ಅಪಧಮನಿಗೆ ಡೈ ಹಾಕಿ ನೋಡುತ್ತಾರೆ. ಅಲ್ಲಿ ಸಿಗದಿದ್ದರೆ ಕುತ್ತಿಗೆ, ತಲೆ ಮತ್ತು ಕಿಬ್ಬೊಟ್ಟೆಯ ನಾಳಗಳನ್ನೂ ಶೋಧಿಸಬೇಕಾಗುತ್ತದೆ. ಇದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಡೈ ಹೆಚ್ಚು ಬೇಕಾಗುವುದರಿಂದ ಮೊದಲೇ ಮೂತ್ರಪಿಂಡಗಳ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಬೇಕು. ಬೆನ್ನುಹುರಿಯ ಕೆಳಭಾಗಕ್ಕೆ ಮುಖ್ಯವಾಗಿ ರಕ್ತ ಒದಗಿಸುವ ಆಡಂಕೀವಿಚ್ ಅಪಧಮನಿ ಎಲ್ಲಿಂದ ಹೊರಡುತ್ತದೆಂಬುದೂ ಆಗಲೇ ಗೊತ್ತಾಗಬೇಕು. ಪರೀಕ್ಷೆಯಲ್ಲಿ ಅಪಾಯವೇ ಇಲ್ಲವೆಂದು ಹೇಳಲಾರೆ. ಆದರೆ ನುರಿತವರ ಕೈಯಲ್ಲಿ ಅದು ಕಡಿಮೆ, ಕಾಯಿಲೆಯನ್ನು ಹಾಗೇ ಬಿಟ್ಟರೆ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನಂಥ, ಈ ಕೆಲಸವನ್ನೇ ಮಾಡುವ ನರರೋಗ ಸಂಸ್ಥೆಯಲ್ಲಿ ಮಾಡಿಸುವುದು ಒಳಿತು.

ಚಿಕಿತ್ಸೆಯಲ್ಲಿ ಎರಡು ದಾರಿಗಳಿವೆ. ಕ್ಯಾತಿಟರ್ ಮೂಲಕವೇ ಅಂಟಿನಂಥ ದ್ರವವನ್ನು ಹರಿಸಿ ಕೂಡಿಕೆಯನ್ನು ಮುಚ್ಚುವುದು ಒಂದು. ಅಂಟು ಅಭಿಧಮನಿಯ ಆರಂಭದವರೆಗೂ ತಲುಪದಿದ್ದರೆ ಫಿಸ್ಟುಲಾ ಮತ್ತೆ ತೆರೆದುಕೊಳ್ಳುತ್ತದೆ. ಫಿಸ್ಟುಲಾಕ್ಕೆ ರಕ್ತ ಒಯ್ಯುವ ಕವಲಿನಿಂದಲೇ ಆಡಂಕೀವಿಚ್ ಅಪಧಮನಿಯೂ ಹೊರಟಿದ್ದರೆ ಅಂಟಿನ ಯೋಚನೆಯನ್ನೇ ಬಿಡಬೇಕು. ಇನ್ನೊಂದು, ಬೆನ್ನಿನಲ್ಲಿ ಸಣ್ಣ ಕಿಟಕಿ ತೆರೆದು, ಮೈಕ್ರೋಸ್ಕೋಪಿನಡಿ ಆ ಅಭಿಧಮನಿಯನ್ನು ಸುಟ್ಟು ಕತ್ತರಿಸುವ ಶಸ್ತ್ರಚಿಕಿತ್ಸೆ. ಒಂದೇ ಸಲಕ್ಕೆ ಶಾಶ್ವತವಾಗಿ ಮುಚ್ಚುವ ಸಂಭವ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚೆಂಬುದು ನನ್ನ ತಿಳಿವಳಿಕೆ; ನಾಳಗಳ ರಚನೆಯನ್ನು ನೋಡಿ ತಜ್ಞರು ನಿರ್ಧರಿಸಲಿ.

ಚೇತರಿಕೆಯ ವಿಷಯದಲ್ಲಿ ಹುಸಿ ಭರವಸೆ ಕೊಡುವುದಿಲ್ಲ. ಕಾಯಿಲೆ ಮುಂದುವರಿಯುವುದು ಹೆಚ್ಚಿನವರಲ್ಲಿ ನಿಲ್ಲುತ್ತದೆ, ನಡಿಗೆ ಹಲವರಲ್ಲಿ ಸುಧಾರಿಸುತ್ತದೆ. ಮೂತ್ರದ ತೊಂದರೆ ಅಷ್ಟಾಗಿ ಸುಧಾರಿಸದು. ಈಗಲೂ ತಮ್ಮ ಕಾಲಿನ ಮೇಲೆ ನಡೆಯುತ್ತಿದ್ದಾರೆಂಬುದೇ ತಂದೆಯವರ ಪಾಲಿಗೆ ಅನುಕೂಲದ ಸಂಗತಿ, ಆದ್ದರಿಂದ ಕೊಯ್ಲು ಮುಗಿಯಲಿ ಎಂದು ಮುಂದೂಡಬೇಡಿ. ಚಿಕಿತ್ಸೆ ಆಗುವವರೆಗೆ ಬೆನ್ನುಹುರಿಯ ಉರಿಯೂತವೆಂದು ಯಾರಾದರೂ ಸ್ಟೀರಾಯ್ಡ್ ಕೊಡಹೊರಟರೆ ಎದೆಮಟ್ಟದ ಎಂ.ಆರ್.ಐ. ವರದಿಯನ್ನು ಮೊದಲು ತೋರಿಸಿ, ಏಕೆಂದರೆ ಈ ಕಾಯಿಲೆಯಲ್ಲಿ ಸ್ಟೀರಾಯ್ಡ್‌ನಿಂದ ಕಾಲಿನ ಶಕ್ತಿ ಥಟ್ಟನೆ ಕುಸಿದ ಉದಾಹರಣೆಗಳಿವೆ. ಮೂತ್ರ ಪೂರ್ತಿ ಕಟ್ಟಿದರೆ ಅಥವಾ ಕಾಲು ಒಮ್ಮೆಲೇ ಬಿದ್ದುಹೋದರೆ ನಿಗದಿಯಾದ ದಿನಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.