ಮಡಿಕೇರಿಯಲ್ಲೇ ದೂರು ಕೊಡಬಹುದು

ನಿಮ್ಮ ಅಮ್ಮನ ಕಥೆ ಓದಿ ಹೊಟ್ಟೆ ಉರಿಯಿತು. ಮೈಸೂರಿನ ಖಾಸಗಿ ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್, ಹೊಟ್ಟೆಯೊಳಗೇ ಬಟ್ಟೆ ಬಿಟ್ಟರು, ಬೇರೆ ಕಡೆ ಮತ್ತೆ ಕೊಯ್ಯಬೇಕಾಯಿತು. ಈಗ 14 ತಿಂಗಳಾಗಿದೆ, ಕೇಸಿಗೆ ಸೋಮವಾರಪೇಟೆಯಿಂದ ಮೈಸೂರಿಗೆ ಅಲೆಯಬೇಕಾ ಅಂತ ಕೇಳಿದ್ದೀರಿ.

ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡುವವರು ವಾಸ ಇರುವ ಜಿಲ್ಲೆಯಲ್ಲೇ ಕೊಡಬಹುದು. ಅಂದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ ಸಾಕು. ನೀವು ಕಟ್ಟಿದ ಬಿಲ್ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಲೆಕ್ಕ ಹಿಡಿಯುವುದು ಬಿಲ್ಲಿನ ಮೇಲೆ, ಕೇಳುವ ಪರಿಹಾರದ ಮೇಲಲ್ಲ.

ಆದರೆ ಗಡುವು 2 ವರ್ಷ. ಮಳೆಗಾಲ ಕಳೆಯಲಿ, ಕಾಫಿ ಕೊಯ್ಲು ಮುಗಿಯಲಿ ಅಂತ ಕೂತರೆ ಕೈ ತಪ್ಪುತ್ತದೆ.

ಮೊದಲು ದಾಖಲೆ. ಕೇಸ್ ಶೀಟ್, ಆಪರೇಷನ್ ನೋಟ್ಸ್, ಸ್ಕ್ಯಾನ್ ಎಲ್ಲ ಬರವಣಿಗೆಯಲ್ಲಿ ಕೇಳಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ನಿಯಮವೇ ಇದೆ. ಬಾಯಲ್ಲಿ ಕೇಳಿದರೆ ಸುಮ್ನೆ ಸತಾಯಿಸುತ್ತಾರೆ. ಎರಡನೇ ಆಪರೇಷನ್ ಮಾಡಿದವರು ಒಳಗೆ ಏನು ಸಿಕ್ಕಿತು ಎಂದು ಬರೆದ ಚೀಟಿ ಇದೆಯಲ್ವಾ? ನಿಮ್ಮ ಕೇಸಿನ ಜೀವ ಅದೇ. ಸಾಮಾನ್ಯವಾಗಿ ತಜ್ಞರ ಅಭಿಪ್ರಾಯಕ್ಕೆ ಪರದಾಡಬೇಕು. ಹೊಟ್ಟೆಯಲ್ಲಿ ಬಟ್ಟೆ ಉಳಿದರೆ ತಪ್ಪು ತಾನೇ ಮಾತಾಡುತ್ತದೆ.

ಪರಿಹಾರದಲ್ಲಿ ಎರಡನೇ ಆಪರೇಷನ್ನಿನ ಖರ್ಚು, ಓಡಾಟ, ಅಮ್ಮ ಪಟ್ಟ ನೋವು ಎಲ್ಲ ಸೇರಿಸಿ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ದೂರು ಕೊಡಬಹುದು, ಆದರೆ ಅಲ್ಲಿ ಹಣ ಸಿಗುವುದಿಲ್ಲ, ವೈದ್ಯರ ಮೇಲೆ ಕ್ರಮ ಅಷ್ಟೇ. ವಕೀಲರ ಫೀಸು ಜಾಸ್ತಿ ಅನಿಸಿದರೆ ಮಡಿಕೇರಿಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಮ್ಮನನ್ನೇ ಕರೆದುಕೊಂಡು ಹೋಗಿ. ಹೆಂಗಸರಿಗೆ ಅಲ್ಲಿ ಉಚಿತ ನೆರವು ಇದೆ, ಆದಾಯ ಕೇಳುವುದಿಲ್ಲ.