ಸಂತಾಪದ ಕೆಳಗೆ ಉಪ್ಪಿನಕಾಯಿ ಫೋಟೊ

ಪ್ರಶ್ನೆ: ಹೊಸನಗರ ತಾಲ್ಲೂಕಿನ ಗೃಹಿಣಿ ನಾನು. ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಹಾಕಿ ಮಾರುತ್ತೇನೆ. ಈ ಸಲ ಫೋಟೊ, ದರ ಸೇರಿಸಿ ನಾನಿರುವ ಎಲ್ಲ ವಾಟ್ಸ್ಆ್ಯಪ್ ಗುಂಪುಗಳಿಗೂ ದಿನಾ ಬೆಳಿಗ್ಗೆ ಕಳಿಸುತ್ತಿದ್ದೆ. ಕುಟುಂಬದ ಗುಂಪಿನಲ್ಲಿ ಹಿರಿಯರೊಬ್ಬರು ತೀರಿಕೊಂಡ ಸುದ್ದಿ ಬಂದಿದ್ದನ್ನು ನೋಡಿರಲಿಲ್ಲ. ಸಂತಾಪಗಳ ಕೆಳಗೇ ನನ್ನ ಫೋಟೊ ಬಿತ್ತು. ಭಾವ ಎಲ್ಲರೆದುರು ಬೈದರು. ಅಡಿಕೆ ಬೆಳೆಗಾರರ ಗುಂಪಿನಿಂದ ಹೊರಗೇ ಹಾಕಿದರು. ಪ್ರಚಾರ ಮಾಡದಿದ್ದರೆ ವ್ಯಾಪಾರವಿಲ್ಲ, ಮಾಡಿದರೆ ಮರ್ಯಾದೆ ಇಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಮನೆಯವರಿಗೆ ಫೋನ್ ಮಾಡಿ ಮಾತನಾಡಿ. ಗುಂಪಿನಲ್ಲಿ ‘ಸುದ್ದಿ ನೋಡಿರಲಿಲ್ಲ, ತಪ್ಪಾಯಿತು’ ಎಂಬ ಒಂದು ಸಾಲು ಸಾಕು. ಉದ್ದುದ್ದ ಕ್ಷಮಾಪಣೆ ಬರೆದರೆ ಸತ್ತವರನ್ನು ಬಿಟ್ಟು ಎಲ್ಲರೂ ನಿಮ್ಮನ್ನೇ ಸಮಾಧಾನಪಡಿಸಲು ಕೂರುತ್ತಾರೆ. ಭಾವನ ಸಿಟ್ಟು ಇಳಿಯುತ್ತದೆ. ಮುಂದಿನ ತಿಂಗಳು ಅವರೇ ಎರಡು ಜಾಡಿ ತರಿಸಿಕೊಂಡರೂ ಆಶ್ಚರ್ಯವಿಲ್ಲ.

ಅಡಿಕೆ ಗುಂಪಿನವರು ಮಾಡಿದ್ದು ತಪ್ಪೆನ್ನಲಾರೆ. ಅಲ್ಲಿ ಜನ ಇಣುಕುವುದು ರಾಶಿ, ಬೆಟ್ಟೆ, ಸರಕು ಎಂಬ ಅಡಿಕೆ ಬಗೆಗಳ ದರ ನೋಡುವುದಕ್ಕೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯಬೇಕೆಂದು ಕೇಳುವುದಕ್ಕೆ. ಅಂಥ ಕಡೆ ಅಡ್ಮಿನ್ ಬಳಿ ಖಾಸಗಿಯಾಗಿ ಕೇಳಿ, ಅವರು ಒಪ್ಪಿದರೆ ಹಂಗಾಮಿಗೊಮ್ಮೆ ಹಾಕಿ. ಒಪ್ಪದಿದ್ದರೆ ಬಿಡಿ.

ದಿನಾ ಹಾಕಲೇಬೇಕು ಅನ್ನಿಸಿದರೆ ಸ್ಟೇಟಸ್ ಇದೆಯಲ್ಲ. 24 ಗಂಟೆ ಇದ್ದು ತಾನೇ ಮಾಯವಾಗುತ್ತದೆ. ಬೇಕಾದವರು ನೋಡುತ್ತಾರೆ, ಬೇಡದವರಿಗೆ ಕಾಟವಿಲ್ಲ. ಹಳೆಯ ಗಿರಾಕಿಗಳಲ್ಲಿ ‘ಹೊಸ ಮಾಲು ಬಂದಾಗ ತಿಳಿಸಲೇ?’ ಎಂದು ಕೇಳಿ, ಹೂಂ ಎಂದವರನ್ನಷ್ಟೇ ಬ್ರಾಡ್‌ಕಾಸ್ಟ್ ಪಟ್ಟಿಗೆ (ಒಂದೇ ಸಂದೇಶ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುವ ಪಟ್ಟಿ) ಸೇರಿಸಿ. ಒಂದು ಪಟ್ಟಿಯಲ್ಲಿ 256 ಮಂದಿಯವರೆಗೆ ಹಿಡಿಸುತ್ತಾರೆ. ನಿಮ್ಮ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಇದರಿಂದ ನಿಮಗೇನೂ ನಷ್ಟವಿಲ್ಲ, ಸಂಖ್ಯೆಯನ್ನೇ ಉಳಿಸಿಕೊಳ್ಳದವರು ಉಪ್ಪಿನಕಾಯಿ ಕೊಳ್ಳುವುದು ಅಷ್ಟರಲ್ಲೇ ಇದೆ. ಸಿಕ್ಕವರಿಗೆಲ್ಲ ಕಳಿಸುತ್ತಾ ಹೋದರೆ ಜನ ಬ್ಲಾಕ್ ಮಾಡುತ್ತಾರೆ, ದೂರು ಒತ್ತುತ್ತಾರೆ. ದೂರು ಹೆಚ್ಚಾದರೆ ವಾಟ್ಸ್ಆ್ಯಪ್ ನಿಮ್ಮ ಖಾತೆಯನ್ನೇ ಮುಚ್ಚಬಹುದು.

ಇನ್ನು ನೀವು ಪತ್ರದ ಜೊತೆ ಕಳಿಸಿದ ಚಿತ್ರದ ಬಗ್ಗೆ. ಕೆಂಪು ಮುಚ್ಚಳದ ಡಬ್ಬಿ, ಸುತ್ತಲೂ ಗುಲಾಬಿ ಹೂವಿನ ಚೌಕಟ್ಟು, ನೆತ್ತಿಯ ಮೇಲೆ ‘ಶುಭೋದಯ’. ಮಿಡಿಯೇ ಕಾಣುತ್ತಿಲ್ಲ! ಅಪ್ಪೆಮಿಡಿ ಬಲ್ಲವರು ಕೇಳುವ ಪ್ರಶ್ನೆಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಯಾವ ಮರದ್ದು? ಹೊಳೆ ಬದಿಯದೋ? ಜೀರಿಗೆ ಪರಿಮಳವಿದೆಯೋ? ತೊಟ್ಟು ಉಳಿಸಿ ಕೊಯ್ದದ್ದೋ, ಉದುರಿಸಿ ಆರಿಸಿದ್ದೋ? ಇವಕ್ಕೆ ಉತ್ತರ ಕೊಡುವ ಚಿತ್ರ ಹಾಕಿ. ಕೊಯ್ದ ಮಿಡಿಯನ್ನು ಬುಟ್ಟಿಯಲ್ಲಿ ಮರದಿಂದ ಇಳಿಸುವುದು, ತೊಟ್ಟಿನ ತುದಿಯಲ್ಲಿ ಸೊನೆ ಹನಿ ನಿಂತಿರುವುದು, ಉಪ್ಪಿನಲ್ಲಿ ಸುಕ್ಕುಗಟ್ಟಿ ನೀರು ಬಿಟ್ಟ ಭರಣಿಯ ಒಳಗು, ಅದೇ ಉಪ್ಪುನೀರು ಹಾಕಿ ಸಾಸಿವೆ, ಮೆಣಸಿನಕಾಯಿ ಅರೆಯುವುದು. ಬೆಂಗಳೂರಿನಲ್ಲಿ ಮೆಸ್ ಊಟ ಮಾಡುತ್ತಿರುವ ಸಾಗರದ ಹುಡುಗನಿಗೆ ಇದು ಕಂಡರೆ ದರ ಕೇಳದೆ ಇರುವುದುಂಟೇ? ಮಾಲು ತೀರಿದ ದಿನ ‘ಈ ವರ್ಷದ್ದು ಮುಗಿಯಿತು’ ಎಂದೂ ಹಾಕಿ. ಮುಂದಿನ ವರ್ಷಕ್ಕೆ ಮುಂಗಡ ಹೇಳಿಡುವವರು ಆಗಲೇ ಹುಟ್ಟಿಕೊಳ್ಳುತ್ತಾರೆ.

ಅಪ್ಪೆಮಿಡಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ, ಅಂದರೆ ಆ ಹೆಸರು ಬೆಳೆಯುವ ಊರಿಗೆ ಅಂಟಿಕೊಂಡದ್ದು. ಎಲ್ಲಿಂದಲೋ ತಂದ ಮಿಡಿಗೆ ಶರಾವತಿ ದಂಡೆಯ ಹೆಸರಿಡುವ ಆಸೆ ಬೇಡ. ಮನೆಯಲ್ಲೇ ಮಾಡಿ ಮಾರಿದರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಆ 14 ಅಂಕಿಯ ಸಂಖ್ಯೆ ಲೇಬಲ್ ಮೇಲೂ ಚಿತ್ರದಲ್ಲೂ ಕಾಣಲಿ. ಗಿರಾಕಿ ‘ಅಜ್ಜಿಯ ಕೈರುಚಿ ನೆನಪಾಯಿತು’ ಎಂದು ಬರೆದರೆ, ಅದನ್ನು ಹಂಚುವ ಮುನ್ನ ಒಪ್ಪಿಗೆ ಕೇಳಿ, ಅವರ ಸಂಖ್ಯೆ ಮರೆಮಾಡಿ. ಇದನ್ನು ಓದಿದವರೂ ಎಷ್ಟೋ ಜನ ಮರೆಯುತ್ತಾರೆ.

ಪ್ರಶ್ನೆ: ಆಗುಂಬೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ. ಇನ್‌ಸ್ಟಾಗ್ರಾಂನಲ್ಲಿ ಹೆಸರು ಮಾಡಿದವರೊಬ್ಬರು ಎರಡು ರಾತ್ರಿ ಉಚಿತವಾಗಿ ಉಳಿಸಿಕೊಂಡರೆ ರೀಲ್ಸ್ ಮಾಡಿಕೊಡುತ್ತಾರಂತೆ. ಒಪ್ಪಬಹುದೇ?

ಉತ್ತರ: ಕೋಣೆ ಖಾಲಿ ಇದ್ದರೆ ಒಪ್ಪಿಕೊಳ್ಳಿ, ಮಾತುಕತೆ ಮಾತ್ರ ಬರಹದಲ್ಲಿರಲಿ. ಉಚಿತ ವಾಸ್ತವ್ಯ ಪಡೆದು ಹೊಗಳುವವರು ಅದನ್ನು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ‘ಜಾಹೀರಾತು’ ಎಂದು ಹಾಕಲು ಹಿಂಜರಿಯುವವರಿಗೆ ಕೋಣೆ ಕೊಡಬೇಡಿ. ಜುಲೈ ತಿಂಗಳ ಬುಕಿಂಗ್‌ಗೆ ಬೇಸಿಗೆಯ ಸೂರ್ಯಾಸ್ತದ ದೃಶ್ಯ ತೋರಿಸುವುದೂ ಬೇಡ. ಬಂದವರಿಗೆ ಕಾಣುವುದು ಮಂಜು, ಆಮೇಲೆ ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ. ಮಳೆ ಬಿಡುವುದಿಲ್ಲ, ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ಇಂಬಳ (ಜಿಗಣೆ) ಹತ್ತುತ್ತದೆ ಎಂದು ನೀವೇ ಮೊದಲು ಬರೆದುಬಿಡಿ. ಅದನ್ನು ಓದಿಯೂ ಬರುವವರು ಉಪ್ಪಿನ ಪೊಟ್ಟಣ ಹಿಡಿದುಕೊಂಡೇ ಬರುತ್ತಾರೆ.