ಸಂಶೋಧನಾ ಲೇಖನ ಓದಲು ಹಣ ತೆರಲೇಬೇಕೇ?

ಪ್ರಶ್ನೆ: ನನ್ನ ತಾಯಿಗೆ ರುಮಟಾಯ್ಡ್ ಸಂಧಿವಾತವಿದೆ. ವೈದ್ಯರು ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟಿದ್ದಾರೆ. ಅಂತರ್ಜಾಲದಲ್ಲಿ ಹುಡುಕಿದಾಗ ಅದು ಕ್ಯಾನ್ಸರ್ ಔಷಧಿಯೆಂದು ತಿಳಿದು ಗಾಬರಿಯಾಗಿದೆ. ಮೂಲ ಸಂಶೋಧನೆಯನ್ನು ಓದಹೊರಟರೆ ಸಾರಾಂಶ ಮುಗಿಯುತ್ತಲೇ ಹಣ ಕೇಳುತ್ತಾರೆ. ಉಚಿತವಾಗಿ ಓದುವ ದಾರಿ ಇದೆಯೇ?
– ಓದುಗರು, ಹಾಸನ

ಉತ್ತರ: ದಾರಿ ಇದೆ. ಅದಕ್ಕೂ ಮೊದಲು ಒಂದು ಮಾತು: ಈ ಔಷಧಿಯನ್ನು ಕ್ಯಾನ್ಸರ್‌ಗೆ ಹೆಚ್ಚಿನ ಪ್ರಮಾಣದಲ್ಲಿಯೂ ಸಂಧಿವಾತಕ್ಕೆ ವಾರಕ್ಕೊಮ್ಮೆ ಅಲ್ಪ ಪ್ರಮಾಣದಲ್ಲಿಯೂ ಕೊಡುವುದು ದಶಕಗಳಿಂದ ನಡೆದುಬಂದಿದೆ. ಆದ್ದರಿಂದ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಓದನ್ನು ಮೆಡ್‌ಲೈನ್‌ಪ್ಲಸ್ ತಾಣದಿಂದ ಆರಂಭಿಸಿ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ರೋಗಿಗಳಿಗಾಗಿಯೇ ನಡೆಸುವ ಈ ತಾಣದಲ್ಲಿ ಹಲವಾರು ಔಷಧಿಗಳ ಉಪಯೋಗ, ಅಡ್ಡಪರಿಣಾಮ ಮತ್ತು ಎಚ್ಚರಿಕೆಗಳು ಸರಳ ಇಂಗ್ಲಿಷಿನಲ್ಲಿವೆ. ಅದೇ ಗ್ರಂಥಾಲಯದ ಪಬ್‌ಮೆಡ್ 1997ರಿಂದ ಸಾರ್ವಜನಿಕರಿಗೆ ಉಚಿತವಾಗಿದೆ. ಆದರೆ ಅದು ಲೇಖನಗಳ ಸೂಚಿಯೇ ಹೊರತು ಭಂಡಾರವಲ್ಲ, ಆದುದರಿಂದಲೇ ತಮಗೆ ಸಾರಾಂಶವಷ್ಟೇ ಸಿಕ್ಕಿರಬೇಕು. ಪೂರ್ಣ ಲೇಖನಗಳ ಭಂಡಾರವೆಂದರೆ 2000ದಲ್ಲಿ ಆರಂಭವಾದ ಪಬ್‌ಮೆಡ್ ಸೆಂಟ್ರಲ್. ಪಬ್‌ಮೆಡ್‌ನಲ್ಲಿ ಹುಡುಕಿದ ಬಳಿಕ ಪಕ್ಕದಲ್ಲಿ ಕಾಣುವ ‘ಫ್ರೀ ಫುಲ್ ಟೆಕ್ಸ್ಟ್’ ಎಂಬುದನ್ನು ಒತ್ತಿದರೆ ಹಣವಿಲ್ಲದೆ ಪೂರ್ತಿ ಓದಬಹುದಾದವು ಮಾತ್ರ ಉಳಿಯುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ ಕೂಡ ಉಚಿತ. ಬೇಕಾದ ಲೇಖನ ಎಲ್ಲಿಯೂ ಸಿಗದಿದ್ದರೆ, ಸಾರಾಂಶದೊಡನೆ ಲೇಖಕರ ಮಿಂಚಂಚೆ ವಿಳಾಸವಿದ್ದಲ್ಲಿ ಅವರಿಗೇ ಬರೆದು ಕೇಳಿ. ಅನೇಕರು ಸಂತೋಷದಿಂದ ಪ್ರತಿ ಕಳುಹಿಸುತ್ತಾರೆ.

ಸಾರಾಂಶವನ್ನು ಮಾತ್ರ ನಂಬಿ ತೀರ್ಮಾನಕ್ಕೆ ಬರಬಾರದು. ಅಧ್ಯಯನದಲ್ಲಿ ಎಷ್ಟು ಜನರಿದ್ದರು, ಅದು ಮನುಷ್ಯರ ಮೇಲೆ ನಡೆದದ್ದೋ ಇಲಿಗಳ ಮೇಲೋ, ಹಣ ಕೊಟ್ಟವರು ಯಾರು ಎಂಬುದನ್ನು ಒಳಗೆ ನೋಡಬೇಕು. ಒಂಟಿ ಅಧ್ಯಯನಕ್ಕಿಂತ, ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ವಿಮರ್ಶೆಗಳು ಹೆಚ್ಚು ಭರವಸೆಯವು ಎಂಬುದು ನನ್ನ ಅಭಿಪ್ರಾಯ. ಅವುಗಳ ಸರಳ ಸಾರಾಂಶ ಎಲ್ಲರಿಗೂ ಉಚಿತ. ತಮ್ಮ ತಾಯಿಯವರಿಗೆ ಸಂಬಂಧಿಸಿದ ಒಂದು ವಿಮರ್ಶೆಯೂ ಅಲ್ಲಿದೆ: ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ಸೇವಿಸುವವರು ಜೊತೆಗೆ ಫೋಲಿಕ್ ಆಮ್ಲ ತೆಗೆದುಕೊಂಡರೆ ವಾಕರಿಕೆ, ಹೊಟ್ಟೆಯ ತೊಂದರೆ ಮತ್ತು ಯಕೃತ್ತಿನ ಪರೀಕ್ಷೆಗಳಲ್ಲಿ ಕಾಣುವ ಏರುಪೇರು ಕಡಿಮೆಯಾಗುತ್ತವೆ ಎಂದು 2013ರ ಆ ವಿಮರ್ಶೆ ಹೇಳುತ್ತದೆ.

ಅದನ್ನು ಮುದ್ರಿಸಿಕೊಂಡು ವೈದ್ಯರ ಬಳಿಗೆ ಒಯ್ಯಿರಿ. ತಾಯಿಯವರಿಗೆ ಫೋಲಿಕ್ ಆಮ್ಲ ಯಾವ ದಿನ ಕೊಡಬೇಕು, ರಕ್ತಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಎಂದು ಕೇಳಿ ಬರೆದುಕೊಳ್ಳಿ. ವಾರದ ಮಾತ್ರೆಯನ್ನು ದಿನವೂ ನುಂಗಿದರೆ ಪ್ರಾಣಾಪಾಯವಾಗಬಹುದು. ಆದ್ದರಿಂದ ಮಾತ್ರೆ ನುಂಗುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಇಂದೇ ಗುರುತು ಹಾಕಿ.